ಹೂವಿನ ಜೊತೆಗಿದ್ದ ಲಕೋಟೆ

ಹೊಸೂರಿನ ಮತ್ತಿಗಿರಿ

ಚೇತನ್, ಕೀರ್ತನಾ, ನಾನು ಇಂಗ್ಲೆಂಡಿಗೆ ಹೋದದ್ದು ನಿಮ್ಮ ಸೋದರತ್ತೆ ಶೋಭಾಳ ಬಾಣಂತನಕ್ಕೆ. ಆದರೆ ನಾನು ಪೆಟ್ಟಿಗೆ ಕಟ್ಟುವಾಗ ನೀವಿಬ್ಬರೂ ಆಡಿದ ಜಗಳ ಕೇಳಿದವರು, ಈ ಮುದುಕಿಯನ್ನು ಫುಟ್‌ಬಾಲಿನ ಪಂಚಾಯಿತಿಗೆ ಕಳಿಸುತ್ತಿದ್ದಾರೆ ಅಂದುಕೊಳ್ಳಬೇಕಿತ್ತು. ಪ್ರಪಂಚದ ಮ್ಯಾನೇಜರುಗಳಲ್ಲೆಲ್ಲ ದೊಡ್ಡವನು ಯಾರು, ಅವನನ್ನು ದೊಡ್ಡವನು ಎನ್ನಲು ಏನು ನೋಡಬೇಕು ಎಂಬುದು ನಿಮ್ಮ ಜಗಳ.

"ಎಷ್ಟು ಕಪ್ ಗೆದ್ದ ಅನ್ನೋದೇ ಮುಖ್ಯ ಕಣೆ. ಮಿಕ್ಕಿದ್ದೆಲ್ಲ ಬರೀ ಕತೆ," ಅಂದವನು ಚೇತನ್.

"ಒಳ್ಳೊಳ್ಳೆ ಆಟಗಾರ್ರು ಇರೋ ಟೀಮ್ ಕೊಟ್ರೆ ನಮ್ಮಜ್ಜೀನೂ ಗೆಲ್ತಾಳೆ ಕಣ್ಲಾ. ಏನೂ ಇಲ್ದಿರೋ ಟೀಮ್ನ ಮೇಲಕ್ ತತ್ತಾನಲ್ಲ, ಅವ್ನು ದೊಡ್ಡೋನು," ಅಂದವಳು ಕೀರ್ತನಾ.

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, "ಅಜ್ಜಿ, ಅಲ್ಲಿ ಬೀದಿಗೊಬ್ರು ಫುಟ್‌ಬಾಲ್ ಗೊತ್ತಿರೋರು ಇರ್ತಾರಂತೆ, ಕೇಳ್ಕಂಡ್ ಬಾ" ಅಂದಿರಿ. ನಾನು ನಕ್ಕೆ. ಹೊಸೂರಿನ ಬಸ್ಸಿನಲ್ಲಿ ನನ್ನ ನಿಲ್ದಾಣ ಬಂದರೂ ನಿಲ್ಲಿಸಿ ಎನ್ನಲು ನಾಚಿ, ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು ನಾನು. ಯಾರನ್ನು ಏನು ಕೇಳಿಯೇನು?

ಬಂದ ಮೇಲೆ ನೀವು ಕೇಳಿದಿರಿ, ನಾನು ಸುಮ್ಮನಾದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಬೇರಿಕೆಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಇದು. ನಿಮಗೆ ತಮಿಳು, ಇಂಗ್ಲಿಷು ಬಂದಷ್ಟು ಚೆನ್ನಾಗಿ ಇದು ಓದಲು ಬರುವುದಿಲ್ಲ. ನಿಮ್ಮಪ್ಪ ಶಿಫ್ಟು ಮುಗಿಸಿ ಬಂದು ಓದಿ ಹೇಳಲಿ. ಅವನಿಗೂ ಗೊತ್ತಿಲ್ಲದ ಸಂಗತಿ ಇದರಲ್ಲಿದೆ.

ವಿಮಾನ ಇಳಿದ ಜಾಗ

ವಿಮಾನದಲ್ಲಿ ನಾನು ಕಂಡದ್ದು ಕಡಿಮೆ. ಕಿಟಕಿಯ ಪಕ್ಕ ಕೂತಿದ್ದೆ, ಆದರೆ ಬಗ್ಗಿ ನೋಡಿದರೆ ಪಕ್ಕದವರಿಗೆ ತೊಂದರೆಯಾದೀತೆಂದು ಮುಂದಿನ ಸೀಟಿನ ಬೆನ್ನು ನೋಡುತ್ತಲೇ ಹೋದೆ.

ಇಳಿದ ಮೇಲೆ ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆ ಬಿಚ್ಚಿಸಿದ. ಬಾಣಂತಿಗೆಂದು ಹುರಿದು ಬೀಸಿದ ರಾಗಿ ಹಿಟ್ಟು, ಮೆಣಸು ಜೀರಿಗೆಯ ಪುಡಿ, ಒಣಶುಂಠಿ ಎಲ್ಲವನ್ನೂ ಸಾಲಾಗಿ ಇಟ್ಟ. ರಾಗಿ ಹಿಟ್ಟಿನ ಪೊಟ್ಟಣ ಎತ್ತಿ ಏನೋ ಕೇಳಿದ. ಶೋಭಾ ಫೋನಿನಲ್ಲಿ ಹೇಳಿಕೊಟ್ಟಿದ್ದ ಇಂಗ್ಲಿಷು ಒಂದೂ ನೆನಪಾಗಲಿಲ್ಲ. ಕೊನೆಗೆ ಒಂದು ಚಿಟಿಕೆ ಹಿಟ್ಟು ತೆಗೆದು ಬಾಯಿಗೆ ಹಾಕಿಕೊಂಡು ನುಂಗಿ ತೋರಿಸಿದೆ. ಒಣ ಹಿಟ್ಟು ಗಂಟಲಿಗೆ ಹತ್ತಿ ಕೆಮ್ಮು ಬಂತು. ಅವನು ಗಾಬರಿಯಾಗಿ ನೀರು ತಂದುಕೊಟ್ಟು, ಎಲ್ಲವನ್ನೂ ತಾನೇ ತುಂಬಿ ಕಳಿಸಿದ.

ಜೀನ್ ಮನೆ

ಶೋಭಾ ನರ್ಸಾಗಿರುವ ಊರು ಉತ್ತರ ಇಂಗ್ಲೆಂಡಿನದು. ಒಂದಕ್ಕೊಂದು ಅಂಟಿದ ಇಟ್ಟಿಗೆ ಮನೆಗಳ ಸಾಲು. ಹಿಂದೆ ಬಟ್ಟೆ ಗಿರಣಿಗಳಿದ್ದವಂತೆ, ಈಗ ಕಟ್ಟಡಗಳು ಖಾಲಿ. ನಮ್ಮ ಹೊಸೂರಿನಲ್ಲಿ ಶಿಫ್ಟು ಬಿಟ್ಟಾಗ ಗಾಡಿಗಳು ಹೊಳೆಯ ಹಾಗೆ ಹರಿಯುತ್ತವಲ್ಲ, ಅದೆಲ್ಲ ಒಂದು ದಿನ ನಿಂತುಹೋದರೆ ಹೇಗಿರುತ್ತದೋ ಆ ಊರು ಹಾಗಿತ್ತು. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನನಗೆ ಅದು ಬಹಳ ಹಿಡಿಸಿತು, ಹೇಳಲು ಮಾತ್ರ ಬಾಯಿ ಬರಲಿಲ್ಲ.

ಶೋಭಾ, ಅವಳ ಗಂಡ ಸುರೇಶ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಕೆಳಗೆ ಮನೆಯೊಡತಿ ಜೀನ್, ಆಕೆಯ ಗಂಡ ಟೆರಿ. ಇಬ್ಬರಿಗೂ ಅರವತ್ತೈದರ ಹತ್ತಿರ. ಟೆರಿಗೆ ಬಲಗಾಲು ತೊಡೆಯಿಂದ ಕೆಳಗೆ ಇರಲಿಲ್ಲ. ಗಾಲಿಕುರ್ಚಿಯಲ್ಲಿ ಅಡುಗೆಮನೆಯ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಶೋಭಾ ನನ್ನನ್ನು ಅಮ್ಮ ಎನ್ನುವುದು ಕೇಳಿ, ಅದೇ ನನ್ನ ಹೆಸರೆಂದು ತಿಳಿದು, ಇಬ್ಬರೂ ನನ್ನನ್ನು "ಅಮ್ಮಾ" ಎಂದೇ ಕರೆದರು. ನಾನು ಟೆರಿಗೆ ಒಂದು ದಿನ ಮುದ್ದೆ ಕೊಟ್ಟೆ. ಅವರು ಅದನ್ನು ಬಹಳ ಹೊತ್ತು ಅಗಿದರು, ಕೊನೆಗೆ ನನ್ನ ಕಡೆ ನೋಡಿ ಶರಣು ಎನ್ನುವ ಹಾಗೆ ಎರಡು ಕೈ ಎತ್ತಿದರು. ನುಂಗಬೇಕು ಎಂದು ತೋರಿಸಿಕೊಟ್ಟೆ. ಆಮೇಲೆ ದಿನವೂ ಒಂದು ಸಣ್ಣ ಉಂಡೆ ಕೇಳಿ ಪಡೆದು ತಿನ್ನುತ್ತಿದ್ದರು.

ಅವರ ಮಾತನ್ನೆಲ್ಲ ಶೋಭಾ ನನಗೆ ನಮ್ಮ ಮಾತಿನಲ್ಲಿ ತಿರುಗಿಸಿ ಹೇಳುತ್ತಿದ್ದಳು. ಹಾಗಾಗಿ ನನ್ನ ಕಿವಿಯಲ್ಲಿ ಜೀನ್, ಟೆರಿ ಇಬ್ಬರೂ ಬೇರಿಕೆಯವರ ಹಾಗೆಯೇ ಮಾತಾಡುತ್ತಾರೆ. ಇಲ್ಲೂ ಹಾಗೆಯೇ ಬರೆಯುತ್ತೇನೆ.

ಅಡುಗೆಮನೆಯ ಕಿಟಕಿ

ಆ ಕಿಟಕಿಯಿಂದ ಎರಡು ಬೀದಿ ಆಚೆಯ ಫುಟ್‌ಬಾಲ್ ಮೈದಾನದ ದೀಪದ ಕಂಬಗಳು ಕಾಣುತ್ತಿದ್ದವು. ಟೆರಿ ವಯಸ್ಸಿನಲ್ಲಿ ಅಲ್ಲಿ ಆಡಿದವರು. ಅವರ ಕಾಲದ ಮ್ಯಾನೇಜರನ್ನು ಊರಿನವರು ಹೆಸರಿಟ್ಟು ಕರೆಯುತ್ತಿರಲಿಲ್ಲ, "ಗ್ಯಾಫರ್" ಎನ್ನುತ್ತಿದ್ದರು. ನಾವು ಯಜಮಾನ ಎನ್ನುವ ಹಾಗೆ. ಯಜಮಾನ ಆಗ ಇನ್ನೂ ಬದುಕಿದ್ದರು, ಬಹಳ ಮುದಿಯಾಗಿ ಹಾಸಿಗೆ ಹಿಡಿದಿದ್ದರು.

ಜೀನ್, ಟೆರಿ ಇಬ್ಬರ ಸಂಸಾರವೂ ಅವರನ್ನು ಕುರಿತ ಒಂದೇ ವಾದದಲ್ಲಿ ಕಳೆದಿತ್ತು. ಮಗುವಿಗೆ ನೀರು ಕಾಯಿಸಲು ನಾನು ಕೆಳಗಿಳಿದಾಗೆಲ್ಲ ಅದು ನಡೆದೇ ಇರುತ್ತಿತ್ತು. ಒಂದು ದಿನ ಸುರೇಶ ಬೇಕೆಂದೇ ಕೆಣಕಿದ, ಯಜಮಾನ ಎಷ್ಟು ದೊಡ್ಡವನು ಅಂತ.

"ಅವ್ನಷ್ಟು ದೊಡ್ಡೋನು ಇನ್ನೊಬ್ಬ ಹುಟ್ಟಿಲ್ಲ," ಅಂದರು ಟೆರಿ. "ಈ ಊರಾಗೆ ಏನಿತ್ತು? ಗಿರಣಿ ಹುಡುಗ್ರು ಹನ್ನೊಂದು ಜನ. ನಮ್ಮನ್ನ ಕಟ್ಕಂಡು ದೊಡ್ಡೂರಿನೋರ್ನೆಲ್ಲ ಮಕಾಡೆ ಕೆಡವ್ದ."

"ನಿನ್ ಕಾಲೂ ಕೆಡವ್ದ. ಅದ್ನೂ ಹೇಳು," ಅಂದರು ಜೀನ್.

"ಕಾಲು ನಂದು. ಆಡ್ತೀನಿ ಅಂದೋನೂ ನಾನೇ."

"ಇಪ್ಪತ್ಮೂರು ವರ್ಸದ ಹೈದನ್ನ ಕೇಳುದ್ರೆ ಇನ್ನೇನಂತಾನೆ? ಮಂಡಿ ಊದಿ ಕುಂಬಳಕಾಯಾಗಿತ್ತು ಸುರೇಶ. ನೋವು ತಿಳೀದಂಗೆ ಸೂಜಿ ಚುಚ್ಸಿ, ಹೋಗ್ ಮಗ ಅಂದ. ಎದ್ದೋಯ್ತು ಈ ದನ."

ಆ ದಿನ ಮಂಡಿ ಹರಿಯಿತು. ಟೆರಿ ಮತ್ತೆ ಆಡಲಿಲ್ಲ. ಕೀಲು ಕೆಟ್ಟು, ಕೀವು ತುಂಬಿ, ವರ್ಷಗಳ ಮೇಲೆ ಕಾಲನ್ನೇ ತೆಗೆದರು.

"ಸೋಲೋ ಭಯ ಇರ್ತದಲ್ಲ," ಅಂದರು ಟೆರಿ, ಎದೆ ಮುಟ್ಟಿಕೊಂಡು. "ಯಜಮಾನ ನಾವು ಬಟ್ಟೆ ಬದ್ಲಾಯ್ಸೋ ಕೋಣೆಗೆ ಬಂದು ನಿಂತ್ರೆ ಅದು ಹೊಂಟೋಗದು. ಅದ್ಕೆ ಯಾವ್ ಕಪ್ ಕೊಡ್ತಾರೆ?"

"ಆಡೋ ಎತ್ತಿಗೆ ಹುಲ್ಲು ಎಲ್ರೂ ಹಾಕ್ತಾರೆ," ಅಂದರು ಜೀನ್. "ಬಿದ್ದೋನ್ನ ನೋಡಾಕೆ ಬತ್ತಾನಲ್ಲ, ಅವ್ನು ದೊಡ್ಡೋನು. ಇವ್ನು ಏಳು ವಾರ ಆಸ್ಪತ್ರೇಲಿದ್ದ. ಒಂದಿನ ಬಾಗ್ಲಿಗೆ ಬಂದನಾ ನಿಮ್ ಯಜಮಾನ?"

ಈ ಮಾತಿಗೆ ಬಂದಾಗ ಟೆರಿ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದರು.

ಮೈದಾನದ ಗೇಟು

ಮಗುವಿಗೆ ಒಂದು ತಿಂಗಳು ತುಂಬಿದ ವಾರ ಯಜಮಾನ ತೀರಿಕೊಂಡರು.

ಅಲ್ಲಿ ಸಾವಿಗೆ ಸದ್ದಿಲ್ಲ. ಅಳುವವರಿಲ್ಲ. ಗಂಡಸರು ಮೈದಾನದ ಗೇಟಿನ ಮುಂದೆ ಮಳೆಯಲ್ಲಿ ಸುಮ್ಮನೆ ನಿಂತು, ಆಮೇಲೆ ಎಲ್ಲರೂ ಸೇರಿ ಒಂದು ನಿಮಿಷ ಚಪ್ಪಾಳೆ ತಟ್ಟಿದರು. ಶೋಭಾ ಮುಜುಗರದಿಂದ ನನ್ನ ಮುಖ ನೋಡಿದಳು. ಹೆಣದ ಮುಂದೆ ತಮಟೆ ಬಡಿಸುವ ನಮಗೆ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಗೇಟಿನ ಕಂಬಿಗಳ ಕೆಳಗೆ ಹೂವಿನ ಕಟ್ಟುಗಳು ಬಿದ್ದವು, ಮಂಡಿಯುದ್ದ.

ಟೆರಿ ಎರಡು ದಿನ ಮೇಜಿನ ಮುಂದೆ ಪೆನ್ನು ಹಿಡಿದು ಕೂತಿದ್ದರು. ಬರೆಯುವುದು, ಹರಿಯುವುದು. ಪಿಂಚಣಿಯ ಕಾಗದವಿರಬೇಕೆಂದುಕೊಂಡು ನಾನು ಸದ್ದಾಗದಂತೆ ಓಡಾಡಿದೆ. ಅದೇನೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಯಜಮಾನನ ಒಬ್ಬಳೇ ಮಗಳು ದೂರದ ದೇಶದಿಂದ ಬಂದಿದ್ದರು. ಹೂವಿನ ಜೊತೆ ಯಾರು ಏನು ಬರೆದಿಟ್ಟರೂ ಅದನ್ನು ತಾನೇ ಓದಿ ಉತ್ತರ ಬರೆಯುತ್ತೇನೆ ಎಂದು ಕ್ಲಬ್ಬಿನ ಮೂಲಕ ಹೇಳಿಸಿದ್ದರು. ಟೆರಿ ಆಕೆಗೆ ಒಂದೇ ಒಂದು ಪ್ರಶ್ನೆ ಬರೆದಿದ್ದರು: ನಿಮ್ಮಪ್ಪ ಮನೆಯಲ್ಲಿ ಯಾವತ್ತಾದರೂ ನನ್ನ ಹೆಸರೆತ್ತಿದ್ದರೇ?

ಅಂಗಡಿಯಿಂದ ಹನ್ನೆರಡು ಕೆಂಪು ಗುಲಾಬಿಯ ಕಟ್ಟು ಬಂತು. ನಾನು ಮೇಲಿದ್ದಾಗ ಟೆರಿ ಅದರೊಳಗೆ ಒಂದು ಪುಟ್ಟ ಬಿಳಿ ಲಕೋಟೆ ಸಿಕ್ಕಿಸಿದರು. ಒಯ್ಯುವವರು ಯಾರು? "ಆ ಕಟುಕನ ಬಾಗ್ಲಿಗೆ ನಾನ್ ಹೋಗಾಕಿಲ್ಲ" ಎಂದರು ಜೀನ್. ಸುರೇಶ ಕೆಲಸಕ್ಕೆ ಹೋಗಿದ್ದ, ಶೋಭಾ ಮಗುವಿಗೆ ಹಾಲು ಕೊಡುತ್ತಿದ್ದಳು. ಟೆರಿ ನನ್ನ ಕಡೆ ನೋಡಿದರು. ಕಿಟಕಿಯಿಂದ ದೀಪದ ಕಂಬ ತೋರಿಸಿ, ಕಟ್ಟನ್ನು ಎರಡು ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

ಅಲ್ಲಿಗೆ ಬಂದ ಮೇಲೆ ನನಗೆ ಯಾರಾದರೂ ಒಪ್ಪಿಸಿದ ಮೊದಲ ಹೊರಗಿನ ಕೆಲಸ ಅದು. ಅದೂ ನನಗೆ ಗೊತ್ತಿರುವ ಕೆಲಸವೇ, ಗುಲಾಬಿಯದು.

ಬೇರಿಕೆಯ ಸುತ್ತಿನ ಗುಲಾಬಿ ತೋಟಗಳ ಪ್ಯಾಕಿಂಗ್ ಶೆಡ್ಡಿನಲ್ಲಿ ನಾನು ಹದಿನೆಂಟು ವರ್ಷ ನಿಂತು ಕೆಲಸ ಮಾಡಿದವಳು. ಪ್ರತಿ ಕಟ್ಟಿಗೂ ಪ್ಲಾಸ್ಟಿಕ್ ಹೊದಿಸಿ, ಕಾಂಡದ ಉದ್ದ ಬರೆದ ಚೀಟಿ ಸಿಕ್ಕಿಸಿ ಪೆಟ್ಟಿಗೆಗೆ ಹಾಕುವುದು. ಆ ಪ್ಲಾಸ್ಟಿಕ್ ದಾರಿಯ ಮಟ್ಟಿಗೆ. ತಲುಪಿದ ಮೇಲೆ ಬಿಚ್ಚದಿದ್ದರೆ ಒಳಗೆ ಬೆವರಿ ಎಸಳಿಗೆ ಬೂದು ಬೂಷ್ಟು ಹಿಡಿಯುತ್ತದೆ. ಅದೂ ಅಲ್ಲದೆ ಸತ್ತವರಿಗೆ ಅಂಗಡಿಯ ಚೀಟಿ ಸಮೇತ ಹೂವು ಇಡುವುದೆಂದರೆ, ಹೊಸ ಪಂಚೆಯ ದರದ ಚೀಟಿ ಕೀಳದೆ ಹೆಣಕ್ಕೆ ಹೊದಿಸಿದ ಹಾಗೆ. ನಮ್ಮಲ್ಲಿ ಹೆಸರು ಬೇಕಾದವರು ಹೊಸೂರು ಬಸ್ ಸ್ಟ್ಯಾಂಡಿನ ಗೋಡೆಗೆ ಫೋಟೋ ಸಮೇತ ಕಣ್ಣೀರಿನ ಪೋಸ್ಟರು ಹಚ್ಚಿಸುತ್ತಾರೆ. ಹೂವಿನಲ್ಲಿ ಯಾರೂ ಹೆಸರಿಡುವುದಿಲ್ಲ.

ಮೂಲೆಯ ಬಸ್ ನಿಲ್ದಾಣದಲ್ಲಿ ಕಸದ ಡಬ್ಬ ಇತ್ತು. ಅಲ್ಲಿ ನಿಂತು ಪ್ಲಾಸ್ಟಿಕ್ ಬಿಚ್ಚಿದೆ. ಒಳಗಿನ ಲಕೋಟೆಯನ್ನು ಅಂಗಡಿಯ ಚೀಟಿಯೆಂದು ತಿಳಿದು ಅದರ ಜೊತೆಗೇ ಹಾಕಿದೆ. ಕೆಳಗಿನ ಎರಡು ಎಲೆ ಕಿತ್ತು, ಮುಳ್ಳು ಮುರಿದು, ಬರೀ ಹೂವನ್ನು ಎದೆಗೆ ಹಿಡಿದುಕೊಂಡು ಹೋದೆ.

ಗೇಟಿನ ಕಂಬಿಗಳ ಸಂದಿಗೆ ಹನ್ನೆರಡನ್ನೂ ಸಾಲಾಗಿ ಸಿಕ್ಕಿಸಿದೆ. ಚೆನ್ನಾಗಿ ಕಂಡವು. ಪಕ್ಕದ ಕಟ್ಟುಗಳು ಪ್ಲಾಸ್ಟಿಕ್ಕಿನಲ್ಲಿ ಮಳೆನೀರು ತುಂಬಿಕೊಂಡು ಕೊಳೆಯುತ್ತಿದ್ದವು. ನೋಡಿ ಸುಮ್ಮನಿರಲಾಗಲಿಲ್ಲ. ಒಂದನ್ನು ಎತ್ತಿ ಬಿಚ್ಚಿದೆ. ಎರಡನೆಯದನ್ನು ಬಿಚ್ಚುವಷ್ಟರಲ್ಲಿ ಹೆಂಗಸೊಬ್ಬರು ಓಡಿ ಬಂದು ನನ್ನ ಕೈ ಹಿಡಿದರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ನನ್ನ ಕೈಯಲ್ಲಿದ್ದ ಲಕೋಟೆ ತೆಗೆದು, ಅದರೊಳಗಿನ ಕಾಗದ ಬಿಡಿಸಿ ನನ್ನ ಮುಖದ ಮುಂದೆ ಹಿಡಿದರು. ಇಡೀ ಪುಟ ಕೈಬರಹ. ಕೊನೆಯಲ್ಲಿ ಮಕ್ಕಳು ಹಾಕಿದ ಹಾಗೆ ಮೂರು ಗುಣಿಸುವ ಗುರುತು, ಅವರಲ್ಲಿ ಅದು ಮುತ್ತಿಟ್ಟ ಹಾಗಂತೆ.

ನನಗೆ ಇಂಗ್ಲಿಷು ಬರುವುದಿಲ್ಲ. ಅದು ಅಂಗಡಿಯ ಚೀಟಿಯಲ್ಲವೆಂದು ಓದದೆಯೂ ತಿಳಿಯುವಂತಿತ್ತು.

ಬಸ್ ನಿಲ್ದಾಣ

ನಾನು ಓಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು ಓಡಿದೆ. ಡಬ್ಬದಲ್ಲಿ ಹೊಸ ಕಪ್ಪು ಚೀಲ ಹಾಕಿದ್ದರು, ಖಾಲಿ. ಕಸದ ಲಾರಿ ಬೀದಿಯ ತುದಿಯಲ್ಲಿ ತಿರುಗುತ್ತಿತ್ತು. ಕೂಗಬೇಕೆಂದು ಬಾಯಿ ತೆರೆದೆ. ನಿಜ ಹೇಳುತ್ತೇನೆ, ಮಕ್ಕಳೇ, ಬೀದಿಯಲ್ಲಿ ನಿಂತು ಕೂಗುವುದಕ್ಕೆ ಆಗಲೂ ನನಗೆ ನಾಚಿಕೆಯಾಯಿತು. ಲಾರಿ ಹೋಯಿತು.

ಮನೆಗೆ ಬಂದು ಶೋಭಾಗೆ ಹೇಳಿದೆ.

"ಏನ್ ಕೆಲ್ಸ ಮಾಡ್ಬುಟ್ಟೆಮ್ಮ. ಆವಯ್ಯ ಎರಡ್ ದಿನದಿಂದ ಬರೀತಾ ಕುಂತಿದ್ದು ಅದ್ನೇ ಕಣಮ್ಮ."

ಅವಳು ಮಗುವನ್ನು ಎತ್ತಿಕೊಂಡು ಕೆಳಗೆ ಬಂದಳು. ನಾನು ಅವಳ ಬೆನ್ನ ಹಿಂದೆ ನಿಂತೆ. ಅವಳು ಹೇಳುವುದನ್ನು ಟೆರಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಜೀನ್ ಕಡೆ ನೋಡದೆ, ಆ ಕಾಗದದಲ್ಲಿ ಏನು ಕೇಳಿದ್ದೆನೆಂದು ಹೇಳಿದರು. ಜೀನ್‌ಗೂ ಅದು ಗೊತ್ತಿರಲಿಲ್ಲ. ಆಕೆಯ ಕೈಯಲ್ಲಿದ್ದ ಒರೆಸುವ ಬಟ್ಟೆ ಹಾಗೇ ನಿಂತಿತು.

"ಇನ್ನೊಂದ್ ಬರೀರಿ. ಸುರೇಶ ಬಂದ್ ತಕ್ಷಣ ಓಡೋಗಿ ಕೊಟ್ಟು ಬತ್ತಾನೆ," ಅಂದಳು ಶೋಭಾ.

"ನಲವತ್ತು ವರ್ಸಕ್ ಒಂದ್ಸಲ ಬರ್ದೆ," ಅಂದರು ಟೆರಿ. "ಎರಡ್ನೇ ಸಲ ಕೇಳಾಕೆ ನಾನೇನ್ ಭಿಕ್ಷೆಯೋನಾ?"

ಕುರ್ಚಿಯನ್ನು ಕೋಣೆಯೊಳಗೆ ತಳ್ಳಿಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಆ ದಿನದ ಮುದ್ದೆ ತಟ್ಟೆಯಲ್ಲೇ ಒಣಗಿತು.

ಮೇಲಿನ ಕೋಣೆ

ಮುಂದಿನ ಎರಡು ದಿನ ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಎಣ್ಣೆ ಹಚ್ಚುವಾಗಲೂ ಸಾಂಬ್ರಾಣಿ ಹಿಡಿಯುವಾಗಲೂ ನನ್ನ ಜೊತೆ ತೋಟದಲ್ಲಿ ದುಡಿಯುತ್ತಿದ್ದ ಯಲ್ಲಮ್ಮನೇ ಕಣ್ಣ ಮುಂದೆ ಬರುತ್ತಿದ್ದಳು. ನಿಮ್ಮಪ್ಪನಿಗೂ ಗೊತ್ತಿಲ್ಲ ಅಂದೆನಲ್ಲ, ಅದು ಇದು.

ನಿಮ್ಮ ತಾತ ಗುಲಾಬಿ ತೋಟವೊಂದರಲ್ಲಿ ಮೇಸ್ತ್ರಿಯಾಗಿದ್ದರು. ಅವರಂಥ ಮೇಸ್ತ್ರಿ ಸುತ್ತ ಏಳು ಹಳ್ಳಿಯಲ್ಲಿ ಇಲ್ಲ ಎಂದು ತೋಟದವರೇ ಹೇಳುತ್ತಿದ್ದರು. ಫೆಬ್ರವರಿ ತಿಂಗಳು ಬಂದರೆ ಪರದೇಶಕ್ಕೆ ಹೂವು ಕಳಿಸುವ ಅವಸರ. ಒಂದು ದಿನ ಬೆಳಿಗ್ಗೆ ಸುತ್ತ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನಲ್ಲಿ ಔಷಧಿ ಹೊಡೆದಿದ್ದರು. ಸಂಜೆಯವರೆಗೆ ಒಳಗೆ ಯಾರೂ ಹೋಗಬಾರದು. ಲಾರಿ ಬಂದು ನಿಂತಿತ್ತು. ತಾತ ಹೆಂಗಸರನ್ನು ಕರೆದು, "ಮೂಗಿಗ್ ಸೆರಗು ಕಟ್ಕಂಡು ಬೇಗ ಕುಯ್ರಮ್ಮ" ಎಂದು ಒಳಗೆ ಕಳಿಸಿದರು. ಸಾಲಿನಲ್ಲಿ ನಾನೂ ಇದ್ದೆ. ನನ್ನನ್ನು ಮಾತ್ರ, "ನೀನ್ ಶೆಡ್ಡಿಗೋಗು, ಅಲ್ಲಿ ಆಳಿಲ್ಲ" ಅಂದರು. ಶೆಡ್ಡಿನಲ್ಲಿ ಆಳು ಬೇಕಾದಷ್ಟಿತ್ತು.

ಯಲ್ಲಮ್ಮ ಒಳಗೇ ಬಿದ್ದಳು. ಬದುಕಿದಳು, ಆದರೆ ಉಸಿರು ಸರಿಹೋಗಲಿಲ್ಲ. ಎರಡು ವರ್ಷ ಗೋಡೆಗೊರಗಿ ಕೂತೇ ನಿದ್ದೆ ಮಾಡಿ ತೀರಿಕೊಂಡಳು. ಆ ದಿನದ ಹೂವೆಲ್ಲ ಹೊತ್ತಿಗೆ ಸರಿಯಾಗಿ ಹೋಯಿತು. ತಾತನ ಹೆಸರು ಇನ್ನೂ ಮೇಲೇರಿತು.

ಅಂದಿನಿಂದ ತಾತ ಊಟಕ್ಕೆ ಕೂತಾಗಲೆಲ್ಲ, ಮೊದಲ ತುತ್ತಿಗೇ, "ಯಲ್ಲಮ್ಮ ಉಂಡ್ಳೋ ಏನೋ" ಅನ್ನುತ್ತಿದ್ದರು. ಅವಳು ಸತ್ತ ಮೇಲೂ ಅಂದರು. ನನಗೆ ಕೋಪ ಬರುತ್ತಿತ್ತು. ಹೆಸರೆತ್ತಿದರೆ ಅವಳಿಗೆ ಉಸಿರು ಬಂದೀತೇ ಎಂದು ಒಂದು ದಿನ ಕೇಳಿಯೂಬಿಟ್ಟೆ. ತಾತ ಕೈ ತೊಳೆದುಕೊಂಡು ಎದ್ದು ಹೋದರು. ಅವರು ಸಾಯುವವರೆಗೂ ಆ ಮಾತಿಗೆ ನಾನು ಕ್ಷಮೆ ಕೇಳಲಿಲ್ಲ.

ಈಗ ಕೆಳಗೆ ಒಬ್ಬ ಮನುಷ್ಯ ಅದೇ ಒಂದು ಮಾತಿಗಾಗಿ ನಲವತ್ತು ವರ್ಷ ಕಾದಿದ್ದ. ಅದನ್ನು ನಾನು ಕಸದ ಡಬ್ಬಕ್ಕೆ ಹಾಕಿದ್ದೆ.

"ಆ ಮಗಳ ಹತ್ರ ನಾನೇ ಹೋಗಿ ಕೇಳ್ತೀನಿ," ಅಂದೆ ಶೋಭಾಗೆ.

"ನೀನಾ?" ಅಂದಳು. ಅವಳಿಗೆ ನಗು ಬಂತು, ತಡೆದುಕೊಂಡಳು. "ಬಸ್ಸಾಗೆ ಟಿಕೆಟ್ ಕೇಳಾಕೆ ಬೆವರ್ತೀಯ."

ಕ್ಲಬ್ಬಿನ ಹಾಲ್

ಶವಸಂಸ್ಕಾರದ ಮರುದಿನ ಯಜಮಾನನ ಮಗಳು ಕ್ಲಬ್ಬಿನ ಹಾಲಿನಲ್ಲಿ ಬಂದವರನ್ನೆಲ್ಲ ಮಾತಾಡಿಸುತ್ತಾರೆಂದು ತಿಳಿಯಿತು. ನಾವು ಹೊರಟದ್ದು ಕಂಡು ಜೀನ್ ಕಾರಿನ ಬೀಗದ ಕೈ ತೆಗೆದುಕೊಂಡರು. ಟೆರಿಗೆ ಮಗುವಿನ ನ್ಯಾಪ್ಕಿನ್ ತರಲು ಹೋಗುತ್ತೇವೆ ಎಂದು ಕೂಗಿ ಹೇಳಿದರು. ಆಕೆ ಆ ಗೇಟಿನೊಳಗೆ ಕಾಲಿಟ್ಟು ನಲವತ್ತು ವರ್ಷವಾಗಿತ್ತಂತೆ. ಒಳಗೆ ಬರುವಾಗ ನನ್ನ ತೋಳು ಹಿಡಿದಿದ್ದರು. ಧೈರ್ಯ ಯಾರು ಯಾರಿಗೆ ಕೊಡುತ್ತಿದ್ದರೋ ತಿಳಿಯದು.

ಹಾಲಿನಲ್ಲಿ ಟೀ, ಬಿಸ್ಕತ್ತು. ಗೋಡೆಯ ತುಂಬ ಯಜಮಾನನ ಫೋಟೋ. ಮುದುಕರು ಲೋಟ ಹಿಡಿದು, ಅವರನ್ನು ಪ್ರಪಂಚದ ದೊಡ್ಡ ಮ್ಯಾನೇಜರುಗಳ ಸಾಲಿನಲ್ಲಿ ಎಷ್ಟನೆಯ ಜಾಗದಲ್ಲಿ ಕೂರಿಸಬೇಕೆಂದು ವಾದಿಸುತ್ತಿದ್ದರು. ಒಬ್ಬರು ಕಪ್ಪುಗಳ ಪಟ್ಟಿ ಹೇಳಿದರು. ಒಬ್ಬರು, ಊರಿಗೆ ಮರ್ಯಾದೆ ತಂದನಲ್ಲ, ಅದು ಯಾವ ಪಟ್ಟಿಯಲ್ಲಿದೆ ಎಂದರು. ನಿಮ್ಮಿಬ್ಬರ ಜಗಳವೇ, ಬಿಳಿ ಕೂದಲಿನವರ ಬಾಯಲ್ಲಿ.

ಮಗಳು ಅರವತ್ತು ದಾಟಿದವರು, ಸಣಕಲು, ಕಣ್ಣು ಊದಿತ್ತು. ನಮ್ಮ ಸರದಿ ಬಂದಾಗ ನನ್ನ ಕೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ನಾನು ಕನ್ನಡದಲ್ಲೇ ಹೇಳಿದೆ, ಒಂದೇ ಉಸಿರಿಗೆ. ಹೂವು, ಪ್ಲಾಸ್ಟಿಕ್, ಡಬ್ಬ, ಟೆರಿಯ ಪ್ರಶ್ನೆ. ಶೋಭಾ ತಿರುಗಿಸಿ ಹೇಳಿದಳು. ಟೆರಿಯ ಪೂರ್ತಿ ಹೆಸರನ್ನು ಜೀನ್ ಹೇಳಿದರು.

ಆಕೆ ನೆನಪಿಗೆ ತಂದುಕೊಳ್ಳಲು ನಿಜವಾಗಿ ಕಷ್ಟಪಟ್ಟರು, ಅದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ತಲೆಯಾಡಿಸಿದರು.

"ಆ ಹೆಸ್ರು ನಾನು ಕೇಳೇ ಇಲ್ಲ," ಅಂದರಂತೆ. "ಅಪ್ಪ ಮನೇಗೆ ಆಟದ್ ಮಾತು ತತ್ತಿರ್ಲಿಲ್ಲ. ಯಾರ ಹೆಸ್ರೂ ಎತ್ತೋರಲ್ಲ. ಆಟಗಾರ್ರು ಬತ್ತಾರೆ, ಹೋಯ್ತಾರೆ ಅನ್ನೋರು. ನಮ್ ಹೆಸ್ರೇ ಎಷ್ಟೋ ಸಲ ಮರೆಯೋರು."

ನನ್ನ ಕೈ ಬಿಡದೆ, "ನೆನೀತಿದ್ರು ಅಂತ ಬರ್ಕೊಡ್ಲಾ?" ಎಂದು ಕೇಳಿದರು. ಕರುಣೆಯಿಂದಲೇ ಕೇಳಿದ್ದು.

"ಬ್ಯಾಡ," ಅಂದರು ಜೀನ್. "ಬರ್ದಿದ್ದು ಸುಳ್ಳಾದ್ರೆ ಅವ್ನಿಗೆ ಗೊತ್ತಾಗೋಗ್ತದೆ."

ಕಾರು

ಜೀನ್ ಕಾರು ಶುರುಮಾಡದೆ ಸ್ಟೀರಿಂಗ್ ಹಿಡಿದು ಕೂತರು. ಗಾಜಿನ ಮೇಲೆ ಮಳೆ ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಶೋಭಾ ಅವರ ಮಾತನ್ನು ನನ್ನ ಕಿವಿಯಲ್ಲಿ ಹೇಳುತ್ತಾ ಹೋದಳು.

"ಮದ್ವೆ ಆದಾಗ್ನಿಂದ ಇದ್ನೇ ಹೇಳ್ತಾ ಬಂದೆ, ನಿನ್ನನ್ನ ಅವ್ನು ಅವತ್ತೇ ಮರ್ತ ಅಂತ. ಈಗ ಸಾಕ್ಷಿ ಸಿಕ್ತು. ಮನೇಗೋಗಿ ಒಂದ್ ಮಾತು ಹೇಳುದ್ರೆ ಗೆದ್ದೆ ನಾನು."

ಗಾಜು ಒರೆಸುವ ಕಡ್ಡಿ ನಾಲ್ಕು ಸಲ ಆಡಿಸಿದರು.

"ಹೇಳಾಕಿಲ್ಲ. ನಾವಿಲ್ಲಿಗೆ ಬರ್ಲೇ ಇಲ್ಲ. ಚೀಟಿ ಕಳ್ದೋಯ್ತು, ಅಷ್ಟೇ. ಕಳ್ದೋಗಿದ್ರೆ ಅವ್ನು ಏನ್ ಬೇಕಾದ್ರೂ ಅನ್ಕೋಬೋದು. ನಿಮ್ಮಮ್ಮನ್ನ ಕೇಳು ಶೋಭಾ. ಅವ್ನ ಸಿಟ್ಟು ತಡ್ಕತಾರಾ?"

ಶೋಭಾ ಅದನ್ನು ಹೇಳಿ ಮುಗಿಸಿ, ತನ್ನದನ್ನೂ ಸೇರಿಸಿದಳು. "ಬ್ಯಾಡ ಕಣಮ್ಮ. ನಿಜ ಹೇಳುದ್ರೆ ನಿನ್ ತಪ್ಪೇ ಇಲ್ದಂಗಾಯ್ತದೆ. ಚೀಟಿ ತಲುಪಿದ್ರೂ ಉತ್ರ ಇದೇ ಅಲ್ವಾ? ಹೇಳ್ದಿದ್ರೆ ನೀನು ಹೊರಡೋವರ್ಗೂ ಆವಯ್ಯ ನಿನ್ ಮಕ ನೋಡಾಕಿಲ್ಲ."

ಅವಳು ಹೇಳಿದ್ದು ಸರಿಯಾಗಿತ್ತು. ನನಗೂ ಆಸೆಯಾಯಿತು. ಬೇರೆಯವರ ಮನೆಯಲ್ಲಿ ತಲೆ ಬಗ್ಗಿಸಿ ಓಡಾಡುವುದು ಎಷ್ಟು ಕಷ್ಟವೆಂದು ಗಂಡ ಸತ್ತವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

"ನಾನೇ ಕಳ್ದೆ ಅಂತ ಇರ್ಲಿ ಬಿಡು," ಅಂದೆ.

ಜೀನ್ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆಮೇಲೆ ಅಂಗಡಿಗೆ ಹೋಗಿ ನ್ಯಾಪ್ಕಿನ್ ಕೊಂಡು ಮನೆಗೆ ಬಂದೆವು.

ಮುಂದಿನ ಏಳು ವಾರ ಟೆರಿ ನನ್ನ ಜೊತೆ ಮಾತಾಡಲಿಲ್ಲ. ನಾನು ಮೆಟ್ಟಿಲಿಳಿಯುವ ಸದ್ದಾದರೆ ಕುರ್ಚಿಯ ಗಾಲಿ ಉರುಳಿ ಬಾಗಿಲು ಮುಚ್ಚುತ್ತಿತ್ತು. ಒಮ್ಮೆ ಉಪ್ಸಾರು ಮಾಡಿ ಇಟ್ಟೆ. "ಅವ್ಳು ಮುಟ್ಟಿದ್ದೆಲ್ಲ ಕಸಕ್ ಹೋಯ್ತದೆ" ಎಂದು ಸುರೇಶನಿಗೆ ಹೇಳಿ, ಬಟ್ಟಲನ್ನು ಹಾಗೇ ಸರಿಸಿದರಂತೆ. ಸುರೇಶನಿಗೆ ನಿಜ ತಿಳಿಸಿರಲಿಲ್ಲ, ಅವನೂ ನನ್ನ ಮೇಲೆ ಮುನಿದ. ನಾನು ಮೇಲಿನ ಸ್ನಾನದ ಕೋಣೆಯ ನಲ್ಲಿಯಲ್ಲೇ ಪಾತ್ರೆ ತೊಳೆದುಕೊಂಡೆ. ಜೀನ್ ಮಾತ್ರ ಎದುರಾದಾಗ ಒಂದು ಕ್ಷಣ ನಿಂತು ಹೋಗುತ್ತಿದ್ದರು. ಅಡುಗೆಮನೆಯ ವಾದ ಮತ್ತೆ ಕೇಳಿಸಲಿಲ್ಲ. ಟೆರಿ ಯಜಮಾನನನ್ನು ಹೊಗಳಿದರೆ ಆಕೆ ಸುಮ್ಮನಿರುತ್ತಿದ್ದರು, ಅದು ಮನೆಯಲ್ಲಿ ಇನ್ನಷ್ಟು ಕೆಟ್ಟದಾಗಿ ಕೇಳಿಸುತ್ತಿತ್ತು.

ಹೊರಟ ದಿನ

ಸುರೇಶ ಪೆಟ್ಟಿಗೆಗಳನ್ನು ಕಾರಿಗೆ ಹಾಕುತ್ತಿದ್ದ. ನಾನು ಮಗುವಿನ ಅಂಗಾಲಿಗೆ ದೃಷ್ಟಿಬೊಟ್ಟು ಇಟ್ಟು ಕೆಳಗಿಳಿದೆ. ಟೆರಿಯ ಬಾಗಿಲು ತೆರೆದಿತ್ತು. ಕುರ್ಚಿ ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಹಿಂದೆ ಅಡುಗೆಮನೆಯಲ್ಲಿ ಜೀನ್ ನಮಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದರು.

"ಅಮ್ಮಾ," ಅಂದರು ಟೆರಿ.

ಆಮೇಲೆ ನಿಧಾನವಾಗಿ, ನನಗೇ ಅರ್ಥವಾಗುತ್ತದೆ ಎನ್ನುವ ಹಾಗೆ ನನ್ನ ಮುಖ ನೋಡುತ್ತಾ ಮಾತಾಡಿದರು. ಶೋಭಾ ತಗ್ಗಿದ ದನಿಯಲ್ಲಿ ಹೇಳುತ್ತಾ ಬಂದಳು.

"ಆ ಚೀಟಿ ತಲುಪಿದ್ರೆ ಯಜಮಾನನ ಮಗ್ಳು ಏನ್ ಬರೀತಿದ್ಲು ಅಂತ ಯೋಚ್ನೆ ಮಾಡ್ದೆ. ಕೂತಿರೋನ್ಗೆ ಇನ್ನೇನ್ ಕೆಲ್ಸ. ಅಪ್ಪ ನಿಮ್ ಎಡಗಾಲಿನ ಆಟದ್ ಮಾತು ಊಟದ್ ಹೊತ್ನಲ್ಲಿ ತೆಗೀತಿದ್ರು ಅಂತ ಬರೀತಿದ್ಲು. ಆಸ್ಪತ್ರೆಗೆ ಮಕ ತೋರ್ಸಕಾಗ್ದೆ ಬರ್ಲಿಲ್ಲ ಅಂತ ಬರೀತಿದ್ಲು. ಬಾಗ್ಲವರ್ಗೂ ಬಂದು ವಾಪಸ್ ಹೋಗಿರ್ಬೇಕು ಅವ್ನು. ಅದೂ ಮಗ್ಳಿಗೆ ಗೊತ್ತಿರ್ತದೆ."

ಶೋಭಾಳ ದನಿ ಅಲ್ಲಿಗೆ ನಿಂತುಹೋಯಿತು. ಮಗುವನ್ನು ಭುಜಕ್ಕೆ ಹಾಕಿಕೊಂಡು ಪಕ್ಕಕ್ಕೆ ತಿರುಗಿದಳು. ಟೆರಿ ಮತ್ತೇನೋ ಕೇಳಿದರು, ಸಣ್ಣ ಮಾತು. ಅದನ್ನು ನನಗೆ ಯಾರೂ ಹೇಳಲಿಲ್ಲ. ಹಾಗೆ ಆಗಿರಬೇಕಲ್ಲವೇ ಎಂದು ಕೇಳುವವರ ಕಣ್ಣು ಎಲ್ಲ ಕಡೆಯೂ ಒಂದೇ ಥರ ಇರುತ್ತದೆ.

"ಎಸ್," ಅಂದೆ. ನನ್ನ ಕಿವಿಗೇ ಜೋರಾಗಿ ಕೇಳಿಸಿತು.

ಟೆರಿ ಕತ್ತು ತಿರುಗಿಸಿ ಜೀನ್‌ಗೆ ಏನೋ ಹೇಳಿದರು. ಜೀನ್ ತಿರುಗಲಿಲ್ಲ. ನಲ್ಲಿಯ ನೀರು ನಿಲ್ಲಿಸಲಿಲ್ಲ. ಎರಡೇ ಮಾತು ಆಡಿದರು. ಟೆರಿ ಕುರ್ಚಿಯ ಕೈಯನ್ನು ಅಂಗೈಯಿಂದ ಒಮ್ಮೆ ತಟ್ಟಿ, ಬಾಗಿಲಿನಿಂದ ಹಿಂದಕ್ಕೆ ಸರಿದು ನನಗೆ ದಾರಿ ಬಿಟ್ಟರು.

ಕಾರಿನಲ್ಲಿ ಕೂತ ಮೇಲೆ ಶೋಭಾಳನ್ನು ಕೇಳಿದೆ, ಅವರು ಏನಂದರು, ಈಕೆ ಏನಂದರು ಅಂತ.

"ನೋಡು, ಅಮ್ಮಂಗೂ ಗೊತ್ತು, ನಿಂಗೊಬ್ಳಿಗೇ ಗೊತ್ತಿಲ್ಲ ಅಂದ ಆವಯ್ಯ," ಅಂದಳು ಶೋಭಾ, ಮಗುವಿನ ತಲೆಯ ಮೇಲೆ ಗಲ್ಲ ಊರಿ. "ಆಯ್ತು, ನೀನೇ ಗೆದ್ದೆ ಅಂದ್ಲು ಆವಮ್ಮ."